ಮನೆ ಜಾಗದಲ್ಲಿ ಅಂಗಡಿ: ನಮ್ಮ ಮಾತು ನಡೆಯುತ್ತಾ?

ಪ್ರಶ್ನೆ: ನಮ್ಮ ಬೀದಿಯ ಎರಡು ಹಳೇ ಮನೆಗಳನ್ನು ವಾಣಿಜ್ಯ ಬಳಕೆಗೆ ಬದಲಾಯಿಸಲು ಅರ್ಜಿ ಹೋಗಿದೆಯಂತೆ. ಇಲ್ಲಿರುವವರ ಮಾತಿಗೆ ಬೆಲೆ ಇದೆಯಾ ಮೇಡಂ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಸೆಕ್ಷನ್ 14-ಎ ನೋಡಿ. ಭೂ ಬಳಕೆ ಬದಲಾಯಿಸುವ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಸಣ್ಣಕ್ಷರದ ಪ್ರಕಟಣೆ ಅದು, ಕಣ್ಣು ತಪ್ಪಿಹೋಗುತ್ತದೆ. ಬೀದಿಯಲ್ಲಿ ಒಬ್ಬರು ದಿನಾ ಪೇಪರ್ ನೋಡುವ ಜವಾಬ್ದಾರಿ ತೆಗೆದುಕೊಳ್ಳಲಿ.

ಆಕ್ಷೇಪಣೆಯಲ್ಲಿ ಸುಮ್ನೆ ‘ಬೇಡ’ ಅಂತ ಬರೆಯಬೇಡಿ. ಟೇಪ್ ಹಿಡಿದು ರಸ್ತೆ ಅಳೆಯಿರಿ. ಸಂಜೆ ಎಷ್ಟು ಗಾಡಿ ನಿಲ್ಲುತ್ತವೆ, ಮಳೆಗೆ ಚರಂಡಿ ಎಲ್ಲಿ ಉಕ್ಕುತ್ತದೆ, ಎಲ್ಲ ಬರೆಯಿರಿ. ಕೊಡುವಾಗ ನಿಮ್ಮ ಬಳಿ ಉಳಿಯುವ ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಳ್ಳಿ.

ಆದರೆ ಯಾವ ಅಂಗಡಿಯೂ ಬೇಡ ಎನ್ನುವ ಹಠ ನನಗೆ ಸರಿ ಕಾಣುವುದಿಲ್ಲ. ಹಾಲಿನ ಅಂಗಡಿ, ಟೈಲರ್ ಅಂಗಡಿ ಇದ್ದರೆ ರಾತ್ರಿ ಒಂಬತ್ತಕ್ಕೂ ಬೀದಿಯಲ್ಲಿ ಬೆಳಕಿರುತ್ತದೆ, ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ ಅಲ್ವಾ?

ನಾನಿರುವ ಮಲ್ಲೇಶ್ವರದಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಹಿಂದೆ ಮಲ ಹೊರುವವರು ಓಡಾಡುತ್ತಿದ್ದ ಓಣಿಗಳು. ಆಮೇಲೆ ಕಸ ತುಂಬಿತು. ಅಂಥ ಕೆಲವನ್ನು ಜನರೇ ಮುಂದೆ ನಿಂತು ಶುಚಿ ಮಾಡಿಸಿ, ಗೋಡೆಗೆ ಬಣ್ಣ ಬಳಿದು, ನಡೆಯುವ ದಾರಿ ಮಾಡಿಕೊಂಡರು. ನಿಮ್ಮಲ್ಲೂ ಅಂಥ ಗಲ್ಲಿ ಇದ್ದರೆ, ಅದನ್ನೂ ನಡೆಯುವ ದಾರಿ ಮಾಡಬಹುದು ಅಂತ ಆಕ್ಷೇಪಣೆಯ ಜೊತೆ ನಕ್ಷೆ ಬರೆದು ತೋರಿಸಿ.