“ಸ್ತೋತ್ರ ನಿಲ್ಲಿಸಿದ್ರ ಅವ್ರು ಉಳೀತಾರೇನ್ರಿ?”

ಕಷ್ಟ ಬಂದ ಮನೆಗೆ ಹೋದಾಗ ನಮ್ಮ ಕ್ರೈಸ್ತ ಸಭೆಗಳವರ ಬಾಯಿಂದ ಮೊದಲು ಬರುವ ಮಾತು ಹೆಚ್ಚಾಗಿ ಒಂದೇ: “ಸ್ತೋತ್ರ ಮಾಡ್ರಿ, ಕರ್ತನು ನೋಡಿಕೊಳ್ತಾನೆ.” ಎಲ್ಲದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎನ್ನುವ ಬೈಬಲಿನ 1 ಥೆಸಲೋನಿಕ 5:18 ನನಗೂ ದೇವರ ಆಜ್ಞೆಯೇ, ಅದನ್ನು ಸಡಿಲಿಸುವ ಅಧಿಕಾರ ನನಗಿಲ್ಲ. ಆದರೆ ಅದೇ ವಚನದ ಭಾರಕ್ಕೆ ನಿದ್ದೆಗೆಟ್ಟು ಆಪ್ತಸಲಹೆಗೆಂದು ನನ್ನ ಹತ್ತಿರ ಬಂದವರು ಒಬ್ಬಿಬ್ಬರಲ್ಲ. ಅವರಲ್ಲಿ ಒಬ್ಬರ ಸಂಗತಿಯನ್ನು ಅವರ ಒಪ್ಪಿಗೆಯಿಂದ, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಉತ್ತರ ಕರ್ನಾಟಕದ ಒಂದು ಊರಿನ ತಾಯಿ. ಗಂಡನಿಗೆ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು, ಹೋಗಿಬರುವ ಬಸ್ಸಿನ ಹೊತ್ತು ಬೇರೆ. ಆಕೆ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ, ಸ್ವಸಹಾಯ ಸಂಘದ ಸಾಲ ಇದೆ. ಸ್ತ್ರೀಯರ ಕೂಟದಲ್ಲಿ ಪ್ರತಿ ವಾರ ಎದ್ದು ನಿಂತು “ಈ ಕಾಯಿಲೆಗಾಗಿಯೂ ದೇವರಿಗೆ ಸ್ತೋತ್ರ” ಎಂದು ಸಾಕ್ಷಿ ಹೇಳುತ್ತಿದ್ದರು. ಎಂಥಾ ವಿಶ್ವಾಸ ಎಂದು ಎಲ್ಲರೂ ಹೊಗಳುತ್ತಿದ್ದರು. ಮನೆಗೆ ಬಂದರೆ ಎದೆ ಡವಡವ, ಊಟ ಸೇರದು, ನಡುರಾತ್ರಿ ಎದ್ದು ಕೂತು ಸ್ತೋತ್ರ ಸ್ತೋತ್ರ ಎಂದು ತಡೆಯಿಲ್ಲದೆ ಹೇಳುವುದು.

ಮೊದಲ ಭೇಟಿಯಲ್ಲಿ ನಾನು ದೇವರ ವಿಷಯ ಎತ್ತಲೇ ಇಲ್ಲ. ನಿದ್ದೆ, ಹಸಿವು, ಸಾಯುವ ಯೋಚನೆ ಬರುತ್ತದೆಯೇ ಎಂಬುದನ್ನು ನೇರವಾಗಿ ಕೇಳಿದೆ. ಸಾಯುವ ಯೋಚನೆ ಇರಲಿಲ್ಲ. ಆದರೂ ಮನೋವೈದ್ಯರನ್ನು ಒಮ್ಮೆ ಕಾಣಲು ಕಳಿಸಿದೆ, ಅವರು ಕೊಟ್ಟ ಮಾತ್ರೆಯಿಂದ ನಿದ್ದೆ ಬರತೊಡಗಿತು. ಮಾತ್ರೆ ನುಂಗುವುದು ವಿಶ್ವಾಸದ ಕೊರತೆ ಎನ್ನುವವರು ಈಗಲೂ ಇದ್ದಾರೆ. ಡಯಾಲಿಸಿಸ್ ಯಂತ್ರದ ಬಗ್ಗೆ ಅವರು ಹಾಗೆ ಹೇಳುವುದಿಲ್ಲವಲ್ಲ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮೂರನೆಯ ಭೇಟಿಯ ಹೊತ್ತಿಗೆ ಆಕೆಯ ಮಾತು ನಿಧಾನವಾಗಿತ್ತು. “ಕೂಟದಾಗ ಸ್ತೋತ್ರ ಹೇಳುವಾಗ ಒಳಗೆ ಏನಾಗ್ತದ?” ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಅಂಜಿಕಿ ಆಗ್ತದ್ರಿ. ಒಂದು ವಾರ ಹೇಳಲಿಲ್ಲ ಅಂದ್ರ ಅವರಿಗೆ ಏನರ ಆದೀತು ಅನಸ್ತದ. ಸಂಘದ ಕಂತು ಇದ್ದಂಗರಿ, ತಪ್ಪಿದ್ರ ಮನೀಗೇ ಬರ್ತಾರ.”

ಅಲ್ಲಿಗೆ ಗಂಟು ಎಲ್ಲಿದೆ ಎಂದು ಕಂಡಿತು. ಆಕೆ ಮಾಡುತ್ತಿದ್ದುದು ಕೃತಜ್ಞತೆಯೇ ಆಗಿರಲಿಲ್ಲ, ಗಂಡನ ಉಸಿರಿಗಾಗಿ ಭಯದಿಂದ ಕಟ್ಟುತ್ತಿದ್ದ ಕಂತು. ಬಾಕಿ ಬಿದ್ದರೆ ಗಂಡನನ್ನು ಕಸಿದುಕೊಂಡು ಹೋಗುವವನನ್ನು ತಂದೆ ಎಂದು ಕರೆಯಲು ಯಾರಿಂದಾದೀತು?

ನಾನು ಕೊಟ್ಟ ಸಲಹೆ ಇದು: “ಒಂದು ತಿಂಗಳು ಕೂಟಕ್ಕೆ ಹೋಗಿರಿ, ಹಾಡಿರಿ, ಆದರೆ ಸಾಕ್ಷಿ ಹೇಳಬೇಡಿರಿ. ಕಾಯಿಲೆಗಾಗಿ ಸ್ತೋತ್ರ ಅನ್ನಬೇಡಿರಿ. ಮನೆಯಲ್ಲಿ 13ನೇ ಕೀರ್ತನೆ ಗಟ್ಟಿಯಾಗಿ ಓದಿರಿ. ಕೊನೆಯ ಎರಡು ಸ್ತುತಿಯ ವಚನ ಬಾಯಿಗೆ ಬರದಿದ್ದರೆ ಬಿಡಿರಿ, ನಾಲ್ಕಕ್ಕೇ ನಿಲ್ಲಿಸಿರಿ.”

ಆಕೆ ಗಾಬರಿಯಾದರು. “ಸ್ತೋತ್ರ ನಿಲ್ಲಿಸಿದ್ರ ಅವ್ರು ಉಳೀತಾರೇನ್ರಿ?”

ಉಳಿಯುತ್ತಾರೆ ಎಂದು ನಾನು ಹೇಳಲಿಲ್ಲ. ಅದು ನನ್ನ ಕೈಯಲ್ಲಿಲ್ಲ, ನಿಮ್ಮ ಸ್ತೋತ್ರದ ಕೈಯಲ್ಲೂ ಇಲ್ಲ ಎಂದೆ. ನೀವು ಸುಮ್ಮನಾದರೂ ದೇವರು ಸುಮ್ಮನಾಗುವವನಲ್ಲ ಎಂದೆ. ಆಗ ಅತ್ತರು. ಗಂಡ ಹಾಸಿಗೆ ಹಿಡಿದ ಮೇಲೆ ಯಾರೆದುರಿಗೂ ಅತ್ತಿರಲಿಲ್ಲವಂತೆ. ಅತ್ತರೆ ವಿಶ್ವಾಸ ಬಿದ್ದಿತು ಅಂತಾರೆ ಎನ್ನುವ ಹೆದರಿಕೆ.

ಕಣ್ಣೊರೆಸಿಕೊಂಡು, ನಾನು ಕೇಳದೆಯೇ ಒಂದು ಮಾತು ಹೇಳಿದರು. ಡಯಾಲಿಸಿಸ್‌ಗೆಂದು ಗಂಡನ ಮುಂಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ, ಅಂದರೆ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿದ್ದಾರೆ. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಅಲ್ಲಿ ಬೆರಳಿಟ್ಟಾಗ ಒಂದು ಕಂಪನ ತಿಳಿಯುತ್ತದೆ. ತಿಳಿಯದಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ದಿನಾ ನೋಡಿರಿ ಎಂದು ನರ್ಸ್ ಹೇಳಿಕೊಟ್ಟಿದ್ದರು. “ಮುಂಜಾನೆ ಎದ್ದ ಕೂಡಲೇ ಬೆರಳು ಇಡ್ತೀನ್ರಿ. ಗುರ್ರ್ ಅಂತದ. ಆಗ ‘ಯೇಸಪ್ಪಾ’ ಅಂತೀನಿ, ಅಷ್ಟೇ. ಮತ್ತೇನೂ ಬರೂದಿಲ್ಲ. ಅದು ಸ್ತೋತ್ರದಾಗ ಬರ್ತದೇನ್ರಿ?”

ಅದೇ ಸ್ತೋತ್ರ ಎಂದೆ. ಇಷ್ಟು ದಿನ ನೀವು ಮಾಡಿದ್ದರಲ್ಲಿ ಅಂಜಿಕೆ ಇಲ್ಲದ್ದು ಅದೊಂದೇ ಎಂದೆ. ಕೂಟದಲ್ಲಿ ಆಕೆ ಕಾಯಿಲೆಗೆ ಸ್ತೋತ್ರ ಹೇಳುತ್ತಿದ್ದರು. ಮುಂಜಾನೆ ಹೇಳುತ್ತಿದ್ದುದು ಆ ದಿನ ಬೆರಳಿಗೆ ಸಿಕ್ಕ ಜೀವಕ್ಕೆ. ಅದನ್ನು ಯಾರೂ ಕಲಿಸಿರಲಿಲ್ಲ, ಯಾರೂ ಕೇಳಿಸಿಕೊಂಡಿರಲಿಲ್ಲ. ಇದನ್ನು ನಿಲ್ಲಿಸಬೇಡಿರಿ, ಇದಕ್ಕೆ ಒಂದು ಮಾತೂ ಹೆಚ್ಚು ಸೇರಿಸಬೇಡಿರಿ ಎಂದು ಹೇಳಿ ಕಳಿಸಿದೆ.

ಸುದ್ದಿ ಸಭೆಗೆ ಹೋಯಿತು. ಹಿರಿಯರೊಬ್ಬರು ಫೋನ್ ಮಾಡಿ, ಆಪ್ತಸಲಹೆಗಾರರೇ ಸ್ತೋತ್ರ ಬಿಡಿಸಿ ಗೊಣಗಲು ಕಲಿಸುತ್ತೀರಾ ಎಂದು ಕೇಳಿದರು. ಅವರ ಆತಂಕ ಪ್ರಾಮಾಣಿಕವಾದದ್ದು, ಅರಣ್ಯದಲ್ಲಿ ಇಸ್ರಾಯೇಲ್ಯರು ಗೊಣಗಿದ್ದು ನನಗೂ ಗೊತ್ತು. ಆದರೆ ಇಸ್ರಾಯೇಲ್ಯರು ಗೊಣಗಿದ್ದು ತಮ್ಮ ಗುಡಾರಗಳಲ್ಲಿ ಕೂತು ದೇವರ ಬಗ್ಗೆ. ಕೀರ್ತನೆಗಾರರು ದೂರಿದ್ದು ದೇವರ ಮುಖಕ್ಕೇ. ಇನ್ನೆಷ್ಟರ ತನಕ ಎಂದು 13ನೇ ಕೀರ್ತನೆ ನಾಲ್ಕು ಸಲ ಕೇಳುತ್ತದೆ, ಕೇಳಿ ಮುಗಿದ ಮೇಲೆಯೇ ಹಾಡುತ್ತದೆ. 88ನೇ ಕೀರ್ತನೆಯಂತೂ ಹಾಡುವುದೂ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ದೇವರು ತನ್ನ ಗ್ರಂಥದಲ್ಲಿ ಉಳಿಸಿದ್ದಾನೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನು ತನ್ನ ಹೆಸರಿನ ಗ್ರಂಥದ ಮೊದಲ ಅಧ್ಯಾಯದಲ್ಲಿ ಯೆಹೋವನ ನಾಮಕ್ಕೆ ಸ್ತೋತ್ರ ಎಂದದ್ದನ್ನು ನಾವು ಸಮಾಧಿಯ ಬಳಿ ಓದುತ್ತೇವೆ. ಮೂರನೆಯ ಅಧ್ಯಾಯದಲ್ಲಿ ಅವನೇ ತಾನು ಹುಟ್ಟಿದ ದಿನವನ್ನು ಶಪಿಸುವುದನ್ನು ಓದುವುದಿಲ್ಲ. ಕೊನೆಗೆ 42:7ರಲ್ಲಿ ದೇವರು ಕೋಪಿಸಿಕೊಂಡದ್ದು ಯಾರ ಮೇಲೆ? ದೇವರ ಪರವಾಗಿ ವಾದಿಸಿ ಯೋಬನ ಬಾಯಿ ಮುಚ್ಚಿಸಲು ಹೊರಟ ಆ ಮೂವರು ಸ್ನೇಹಿತರ ಮೇಲೆ. ಲಾಜರನ ಗೋರಿಯ ಹತ್ತಿರ ಕರ್ತನಾದ ಯೇಸು ಮೊದಲು ಅತ್ತನು, ಆಮೇಲೆ ತಂದೆಗೆ ಸ್ತೋತ್ರ ಸಲ್ಲಿಸಿದನು. ಈ ಕ್ರಮವನ್ನು ನಾನು ಹುಟ್ಟಿಸಲಿಲ್ಲ, ಯೋಹಾನ 11ನೇ ಅಧ್ಯಾಯದಲ್ಲಿದೆ. ಇಷ್ಟನ್ನೂ ಅವರಿಗೆ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಕೇಳಿಸಿಕೊಂಡರು.

ಲೌಕಿಕ ಮನಶ್ಶಾಸ್ತ್ರವೂ ಈಗ ಕೃತಜ್ಞತೆಯನ್ನು ಹೊಗಳುತ್ತದೆ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ನರ-ಸ್ನಾಯು ಕಾಯಿಲೆ ಇದ್ದವರು 21 ದಿನ ತಮಗೆ ಕೃತಜ್ಞತೆ ಎನಿಸಿದ್ದನ್ನು ಬರೆದಿಟ್ಟರು. ಅವರ ಮನಸ್ಸೂ ನಿದ್ದೆಯೂ ಸುಧಾರಿಸಿದವು. ಗಮನಿಸಿರಿ, ಕಾಯಿಲೆಗೆ ಕೃತಜ್ಞರಾಗಿರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಈ ತಾಯಿಗೂ ಎರಡನೆಯ ತಿಂಗಳಲ್ಲಿ ಒಂದು ನೋಟ್‌ಬುಕ್ ಇಡಲು ಹೇಳಿದೆ. ಎಡಪುಟಕ್ಕೆ ದೂರು, ಬಲಪುಟಕ್ಕೆ ಆ ದಿನ ನಿಜವಾಗಿ ಸಿಕ್ಕದ್ದು. ಬಲಪುಟ ಖಾಲಿ ಉಳಿದರೂ ತಪ್ಪಿಲ್ಲ. ಮೊದಮೊದಲು ಖಾಲಿಯೇ ಇತ್ತು. ಆಮೇಲೆ “ಇವತ್ತು ಸೂಜಿ ಒಂದೇ ಸಲಕ್ಕೆ ಹೋತು”, “ಬಸ್ಸಿನ್ಯಾಗ ಸೀಟು ಸಿಕ್ತು”, “ಮಗಳು ರೊಟ್ಟಿ ಬಡಿದಿದ್ಲು” ಎಂದೆಲ್ಲಾ ಬಂದವು.

ಬೇರೊಂದು ಬಗೆಯ ಪ್ರಕರಣದಲ್ಲಿ ನಾನು ಇದ್ಯಾವುದನ್ನೂ ಹೇಳುವುದಿಲ್ಲ. ಕುಡಿದು ಹೊಡೆಯುವ ಗಂಡನಿದ್ದರೆ, ಸ್ತೋತ್ರ ಮಾಡಿ ಸಹಿಸು ಎನ್ನುವುದು ಪಾಪ. ಅಲ್ಲಿ ಮೊದಲು ಸುರಕ್ಷತೆ, ಮಹಿಳಾ ಸಹಾಯವಾಣಿ 181, ಕೌಟುಂಬಿಕ ಹಿಂಸೆ ತಡೆಯುವ 2005ರ ಕಾಯ್ದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರು ಮಧ್ಯರಾತ್ರಿ ಹಾಡಿದ್ದನ್ನು ಎಲ್ಲರೂ ಬೋಧಿಸುತ್ತಾರೆ. ಬೆಳಗಾದ ಮೇಲೆ ಗುಟ್ಟಾಗಿ ಹೊರಟುಹೋಗಿರಿ ಎಂದಾಗ ಪೌಲನು ಒಪ್ಪದೆ, ವಿಚಾರಣೆಯಿಲ್ಲದೆ ನಮ್ಮನ್ನು ಹೊಡಿಸಿದ ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದು ಹಟ ಹಿಡಿದದ್ದೂ ಅಪೊಸ್ತಲರ ಕೃತ್ಯಗಳ ಅದೇ 16ನೇ ಅಧ್ಯಾಯದಲ್ಲಿದೆ.

ಕೃತಜ್ಞತೆ ಸಭೆಯ ಕೆಲಸವೂ ಹೌದು ಎನ್ನುವುದಕ್ಕೆ ಯಾಜಕಕಾಂಡ 7:15 ನೋಡಬೇಕು. ಕೃತಜ್ಞತಾಯಜ್ಞದ ಮಾಂಸವನ್ನು ಮರುದಿನಕ್ಕೆ ಉಳಿಸುವಂತಿರಲಿಲ್ಲ, ಅದೇ ದಿನ ತಿಂದು ಮುಗಿಸಬೇಕಿತ್ತು. ಒಂದು ಮನೆಯಿಂದ ಆಗುವ ಕೆಲಸವೇ ಅದು? ನೆರೆಹೊರೆ ಕೂಡಬೇಕು, ಬಡವನಿಗೂ ತಟ್ಟೆ ಹಾಕಬೇಕು. ಈ ತಾಯಿಯ ಸಾಕ್ಷಿಗೆ ಪ್ರತಿ ವಾರ ಆಮೆನ್ ಅಂದವರಲ್ಲಿ ಒಬ್ಬರೂ ಬಸ್ಸಿನ ಹಣದ ಬಗ್ಗೆ ಕೇಳಿರಲಿಲ್ಲ. ಸಭಾಪಾಲಕರ ಜೊತೆ ಕೂತು ಅದನ್ನೇ ಮಾತಾಡಿದೆ. ಈಗ ಶನಿವಾರದ ಡಯಾಲಿಸಿಸ್‌ಗೆ ಯುವಕರ ಸಂಘದ ಒಬ್ಬ ಹುಡುಗ ಜೊತೆಗೆ ಹೋಗುತ್ತಾನೆ, ಆ ದಿನ ಆಕೆ ಮನೆಯಲ್ಲಿದ್ದು ಹೊಲಿಯುತ್ತಾರೆ. ಗಂಡನ ಕಾಯಿಲೆ ಹೇಗಿತ್ತೋ ಹಾಗೇ ಇದೆ.

ಕಾಯಿಲೆಯವರನ್ನು ನೋಡಲು ಹೋಗುವವರಿಗೆ ಆಕೆಯೇ ತಿಳಿಸಲು ಹೇಳಿದ ಒಂದು ಮಾತಿದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗೆ ಬಾಳೆಹಣ್ಣು, ಕಿತ್ತಳೆ, ಎಳನೀರು ಒಯ್ಯಬೇಡಿರಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಅದು ರಕ್ತದಲ್ಲಿ ಏರಿದರೆ ಹೃದಯ ನಿಲ್ಲುವ ಅಪಾಯವಿದೆ. ಏನು ತಿನ್ನಬಹುದು ಎಂದು ಮೊದಲು ಕೇಳಿರಿ.