ಡಿಸ್ಕ್ ತಿರುಗುತ್ತದೆ, ವಿಡಿಯೊ ಬರುತ್ತಿಲ್ಲ

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ 2011ರದ್ದು. ಮೊದಲು ವಿಂಡೋಸ್ 7 ಇತ್ತು, ಆಮೇಲೆ ವಿಂಡೋಸ್ 10 ಹಾಕಿಸಿದೆ. ಅಪ್ಪ ಅರ್ಥ ಹೇಳಿದ ತಾಳಮದ್ದಲೆಯ ಒಂದು ಡಿವಿಡಿ ಇದೆ, ಊರಿನ ಸ್ಟುಡಿಯೊದವರು ರೈಟ್ ಮಾಡಿ ಕೊಟ್ಟಿದ್ದು. ಅಪ್ಪ ಈಗಿಲ್ಲ. ಅದನ್ನು ಹಾಕಿದರೆ ಡಿಸ್ಕ್ ತಿರುಗುತ್ತದೆ, ಕಿರ್ ಕಿರ್ ಅಂತ ಸದ್ದು ಮಾಡಿ ನಿಂತುಬಿಡುತ್ತದೆ. ಹಾಡಿನ ಸಿಡಿಗಳು ಮಾತ್ರ ಚೆನ್ನಾಗಿ ಓಡುತ್ತವೆ. ರಿಪೇರಿ ಅಂಗಡಿಯವರು ಬಿಚ್ಚಿಯೂ ನೋಡದೆ ಡ್ರೈವ್ ಹೋಗಿದೆ, ಹೊಸದು ಹಾಕಬೇಕು ಅಂದರು. ನಿಜವಾ? ನಾನೇ ಬದಲಾಯಿಸಬಹುದಾ?
– ಓದುಗರೊಬ್ಬರು, ಸಾಗರ

ಉತ್ತರ: ಮೊದಲು ಆ ಡಿವಿಡಿಯನ್ನು ಕವರಿಗೆ ಹಾಕಿ ತೆಗೆದಿಡಿ. ಮತ್ತೆ ಮತ್ತೆ ಹಾಕಿ ನೋಡಬೇಡಿ. ಪರೀಕ್ಷೆ ಮಾಡುವುದಕ್ಕೆ ಹಾಳಾದರೂ ಬೇಜಾರಾಗದ ಯಾವುದಾದರೂ ಹಳೆಯ ಸಿನಿಮಾ ಡಿವಿಡಿ ಸಾಕು.

ಸಿಡಿ ಓಡುತ್ತದೆ, ಡಿವಿಡಿ ಓಡುವುದಿಲ್ಲ ಅಂದಿರಲ್ಲ, ಅದು ಒಳ್ಳೆಯ ಸುಳಿವು. ಡ್ರೈವ್ ಒಂದೇ ಆದರೂ ಸಿಡಿ ಓದುವ ಲೇಸರ್ ಬೇರೆ, ಡಿವಿಡಿ ಓದುವ ಲೇಸರ್ ಬೇರೆ. ಸಿಡಿಗೆ 780 ನ್ಯಾನೊಮೀಟರ್ ಬೆಳಕು, ಡಿವಿಡಿಗೆ 650. ಅಲ್ಲದೆ ಸಿಡಿಯಲ್ಲಿ ಒಂದು ಸಾಲಿಗೂ ಪಕ್ಕದ ಸಾಲಿಗೂ 1.6 ಮೈಕ್ರಾನ್ ಅಂತರವಿದ್ದರೆ ಡಿವಿಡಿಯಲ್ಲಿ ಬರೀ 0.74. ಅಷ್ಟು ಒತ್ತೊತ್ತಾಗಿ ಬರೆದದ್ದನ್ನು ಓದಬೇಕಾದ್ದರಿಂದ ಲೆನ್ಸ್ ಮೇಲೆ ಸ್ವಲ್ಪ ಮಂಜು, ಧೂಳು ಕೂತರೂ ಮೊದಲು ಕೈಕೊಡುವುದು ಡಿವಿಡಿಯೇ. ನಿಮ್ಮ ಕಡೆಯ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಇದ್ದ ಲೆನ್ಸ್ ಅಲ್ವಾ, ಒಮ್ಮೆ ಒರೆಸದೆ ಡ್ರೈವ್ ಸತ್ತಿದೆ ಅಂತ ಒಪ್ಪಬೇಡಿ.

ಇನ್ನೊಂದು ಸಾಧ್ಯತೆಯೂ ಇದೆ, ತುಂಬಾ ಜನ ಇಲ್ಲೇ ಮೋಸಹೋಗುತ್ತಾರೆ. ವಿಂಡೋಸ್ 7ರ ಹೋಮ್ ಪ್ರೀಮಿಯಂನಲ್ಲಿ ಡಿವಿಡಿ ವಿಡಿಯೊ ನೋಡುವ ವ್ಯವಸ್ಥೆ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಿಂದ ಮೀಡಿಯಾ ಪ್ಲೇಯರ್‌ನಲ್ಲಿ ಅದನ್ನು ತೆಗೆದರು. ಹೊಸ ವಿಂಡೋಸ್ ಹಾಕಿಸಿದ ಮೇಲೆ ಡ್ರೈವ್ ಸರಿಯಾಗಿದ್ದರೂ ವಿಡಿಯೊ ಬರುವುದಿಲ್ಲ, ಜನ ಡ್ರೈವನ್ನೇ ಬೈಯುತ್ತಾರೆ. ಹಾಗಾಗಿ ಸಿನಿಮಾ ಡಿವಿಡಿ ಹಾಕಿ, ‘ದಿಸ್ ಪಿಸಿ’ಗೆ ಹೋಗಿ, ಡ್ರೈವ್ ಮೇಲೆ ಮೌಸ್‌ನ ಬಲಗಡೆ ಬಟನ್ ಒತ್ತಿ ‘ಓಪನ್’ ಕೊಡಿ. ‘ವಿಡಿಯೊ_ಟಿಎಸ್’ ಎಂಬ ಫೋಲ್ಡರ್ ಕಾಣಿಸಿ ಒಳಗಿನ ಫೈಲುಗಳೂ ಕಂಡರೆ ಡ್ರೈವ್ ಓದುತ್ತಿದೆ ಅಂತ ಅರ್ಥ. ಆಗ ವಿಎಲ್‌ಸಿ ಪ್ಲೇಯರ್ ಹಾಕಿಕೊಂಡರೆ ಕೆಲಸ ಮುಗಿಯಿತು, ಅದು ಉಚಿತ. ಸಿನಿಮಾ ಓಡಿ ಅಪ್ಪನ ಡಿಸ್ಕ್ ಮಾತ್ರ ನಿಂತರೆ ತೊಂದರೆ ಹೆಚ್ಚಾಗಿ ಡಿಸ್ಕಿನಲ್ಲೇ ಇರುತ್ತದೆ, ಡ್ರೈವ್ ಬದಲಾಯಿಸಲು ಅವಸರ ಬೇಡ. ನಿಮ್ಮದು ಕಿರ್ ಕಿರ್ ಅಂದು ನಿಲ್ಲುತ್ತದೆ ಅಂದದ್ದರಿಂದ ನನಗೆ ಅನುಮಾನ ಲೆನ್ಸ್ ಮೇಲೆ, ಇಲ್ಲವೇ ಡಿಸ್ಕ್ ಮೇಲೆ.

ಲೆನ್ಸ್ ಒರೆಸುವುದು ಸುಲಭ. ಟ್ರೇ ಹೊರಗೆ ತೆಗೆದು ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಬ್ಯಾಟರಿ ಬಿಚ್ಚಿ. ಲ್ಯಾಪ್‌ಟಾಪ್ ಡ್ರೈವ್‌ಗಳಲ್ಲಿ ಲೆನ್ಸ್ ಟ್ರೇಯ ಮೇಲೆಯೇ ಇರುತ್ತದೆ, ಬೇಳೆಕಾಳಿನಷ್ಟು ಚಿಕ್ಕ ಗಾಜಿನ ಕಣ್ಣು. ಹತ್ತಿ ಸುತ್ತಿದ ಕಿವಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹಾಕಿ, ಗೂಡುಹಕ್ಕಿಯ ಮೊಟ್ಟೆ ಮುಟ್ಟುವಷ್ಟು ಹಗುರವಾಗಿ ಒರೆಸಿ. ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಅದು ಸಿಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಒಣಗಿದರೂ ಜಿಡ್ಡು ಉಳಿಯುತ್ತದೆ. ಲೆನ್ಸನ್ನು ಒತ್ತಲೂ ಬೇಡಿ, ಅದು ತೆಳ್ಳನೆಯ ತಂತಿಗಳ ಮೇಲೆ ತೂಗಾಡುತ್ತಿರುತ್ತದೆ. ಹತ್ತು ನಿಮಿಷ ಒಣಗಲು ಬಿಟ್ಟು ಸಿನಿಮಾ ಡಿವಿಡಿ ಹಾಕಿ ನೋಡಿ. ಡಿಸ್ಕನ್ನು ನಡುವಿನ ಗುಬಟಿಗೆ ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸಬೇಕು. ಸುಮ್ನೆ ಮೇಲೆ ಇಟ್ಟು ಟ್ರೇ ತಳ್ಳಿದರೂ ಇದೇ ಥರ ಸದ್ದು ಬರುತ್ತದೆ.

ಡಿಸ್ಕ್ ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಬೀಳುವುದು ಬರೆದ ಸಾಲಿನ ಉದ್ದಕ್ಕೇ, ಅದನ್ನು ಡ್ರೈವ್ ಸರಿಮಾಡಿಕೊಳ್ಳಲಾರದು.

ಇಷ್ಟು ಮಾಡಿಯೂ ಯಾವ ಡಿವಿಡಿಯೂ ಓಡದಿದ್ದರೆ ಆ ಲೇಸರ್ ಸೋತಿದೆ, ಡ್ರೈವ್ ಬದಲಾಯಿಸಿ. ಹೌದು, ನೀವೇ ಮಾಡಬಹುದು. ಕೊಳ್ಳುವ ಮೊದಲು ಹಳೆಯದನ್ನು ತೆಗೆದು ದಪ್ಪ ಅಳೆಯಿರಿ: ಸಾಮಾನ್ಯವಾಗಿ 12.7 ಮಿಲಿಮೀಟರ್ ಅಥವಾ 9.5 ಮಿಲಿಮೀಟರ್. 12.7ರದ್ದು 9.5ರ ಜಾಗಕ್ಕೆ ಹೋಗುವುದೇ ಇಲ್ಲ. 2011ರ ಲ್ಯಾಪ್‌ಟಾಪ್ ಆದ್ದರಿಂದ ಕನೆಕ್ಟರ್ ಹೆಚ್ಚುಕಡಿಮೆ ಖಂಡಿತ ಸಾಟಾ ಇರುತ್ತದೆ, ಅದಕ್ಕಿಂತ ಹಳೆಯವುಗಳಲ್ಲಿ ಅಗಲವಾದ ಐಡಿಇ ಇರುತ್ತಿತ್ತು. ಸಾಧ್ಯವಾದರೆ ಹಳೆಯ ಡ್ರೈವನ್ನೇ ಅಂಗಡಿಗೆ ಒಯ್ಯಿರಿ. ಬೆಂಗಳೂರಿಗೆ ಹೋಗುವವರು ಯಾರಾದರೂ ಇದ್ದರೆ ಎಸ್.ಪಿ. ರೋಡಿನಲ್ಲಿ ಹುಡುಕಿಸಿ.

ತೆಗೆಯುವುದು ಹೀಗೆ. ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಲ್ಯಾಪ್‌ಟಾಪ್ ಬೋರಲು ಹಾಕಿ. ಬಹಳಷ್ಟು ಹಳೆಯ ಮಾಡೆಲ್‌ಗಳಲ್ಲಿ ಡ್ರೈವನ್ನು ಹಿಡಿದಿರುವುದು ಕೆಳಗಿನ ಒಂದೇ ಒಂದು ಸ್ಕ್ರೂ. ಕೆಲವದರಲ್ಲಿ ಅದರ ಪಕ್ಕ ಡಿಸ್ಕಿನ ಚಿತ್ರವೂ ಇರುತ್ತದೆ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಅದನ್ನು ಬಿಚ್ಚಿ ಡ್ರೈವನ್ನು ಪಕ್ಕಕ್ಕೆ ಎಳೆದರೆ ಡ್ರಾಯರ್ ಥರ ಬರುತ್ತದೆ. ಬರದಿದ್ದರೆ ಜಗ್ಗಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಇದೆ. ಹಳೆಯ ಡ್ರೈವ್‌ನ ಹಿಂಭಾಗದ ಸಣ್ಣ ಲೋಹದ ಪಟ್ಟಿಯನ್ನು ಬಿಚ್ಚಿ ಹೊಸದಕ್ಕೆ ಹಾಕಿ, ಅದಿಲ್ಲದಿದ್ದರೆ ಆ ಸ್ಕ್ರೂ ಹಿಡಿಯಲು ಜಾಗವೇ ಇರುವುದಿಲ್ಲ. ಹಳೆಯದರ ಮುಂದಿನ ಪ್ಲಾಸ್ಟಿಕ್ ಮುಖವನ್ನೂ ತೆಗೆದು ಹೊಸದಕ್ಕೆ ಹಾಕಬೇಕು. ಅದಕ್ಕೆ ಟ್ರೇ ತೆರೆದಿರಬೇಕು. ಮುಂದೆ ಸೂಜಿ ಹೋಗುವಷ್ಟು ತೂತಿದೆಯಲ್ಲ, ಅದರೊಳಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ ತೂರಿಸಿ ಒತ್ತಿದರೆ ಕರೆಂಟ್ ಇಲ್ಲದೆಯೂ ಟ್ರೇ ತೆರೆಯುತ್ತದೆ. ಹೊಸ ಡ್ರೈವ್‌ಗೆ ಬೇರೆ ಡ್ರೈವರ್ ಸಾಫ್ಟ್‌ವೇರ್ ಬೇಕಿಲ್ಲ, ವಿಂಡೋಸ್ ತಾನೇ ಗುರುತಿಸುತ್ತದೆ.

ಆದರೆ ನನ್ನನ್ನು ಕೇಳಿದರೆ, ಯುಎಸ್‌ಬಿಗೆ ಹಾಕುವ ಹೊರಗಿನ ಡಿವಿಡಿ ಡ್ರೈವ್ ಕೊಳ್ಳಿ. ಏನೂ ಬಿಚ್ಚುವುದಿಲ್ಲ, ನಾಳೆ ಹೊಸ ಲ್ಯಾಪ್‌ಟಾಪ್ ತಂದರೂ ಉಪಯೋಗಕ್ಕೆ ಬರುತ್ತದೆ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದನ್ನು ನಾನೇ ನೋಡಿದ್ದೇನೆ, ಆದ್ದರಿಂದ ಕೊಳ್ಳುವ ಮೊದಲು ಗೆಳೆಯರ ಮನೆಯ ಡೆಸ್ಕ್‌ಟಾಪ್‌ನಲ್ಲೂ ಒಮ್ಮೆ ಹಾಕಿ ನೋಡಿ. ಅಪ್ಪನ ದನಿ ಕೇಳಿದ ಕೂಡಲೇ ಕೂತು ನೋಡಬೇಕು ಅನ್ನಿಸುತ್ತದೆ, ದಯವಿಟ್ಟು ತಡೆದುಕೊಳ್ಳಿ. ಮೊದಲು ‘ವಿಡಿಯೊ_ಟಿಎಸ್’ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರ್‌ಗೆ ಕಾಪಿ ಮಾಡಿ, ಆಮೇಲೆ ಪೆನ್‌ಡ್ರೈವ್‌ಗೆ ಇನ್ನೊಂದು. ಸಾಮಾನ್ಯ ಡಿವಿಡಿಯಲ್ಲಿ ಹಿಡಿಯುವುದೇ 4.7 ಜಿಬಿ. ಮನೆಯಲ್ಲಿ ರೈಟ್ ಮಾಡಿದ ಡಿಸ್ಕ್‌ಗಳಲ್ಲಿ ವಿಷಯ ಇರುವುದು ಬಣ್ಣದ ಪದರದ ಮೇಲೆ, ಅದು ಕಾಲಕ್ಕೆ ಮಾಸುತ್ತದೆ. ನಮ್ಮ ಅಜ್ಜಿ ಹಾಡಿದ ಸೋಬಾನೆಯ ಡಿಸ್ಕನ್ನು ಆಮೇಲೆ ಕಾಪಿ ಮಾಡೋಣ ಅಂತ ಬಿಟ್ಟು ಕಳೆದುಕೊಂಡೆವು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಪ್ರಶ್ನೆ: ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗವಾದ ಸ್ಟೋರೇಜ್) ಹಾಕಬಹುದಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಹಾಕಬಹುದು. ‘ಕ್ಯಾಡಿ’ ಅಂತ ಕೇಳಿ, ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಕೂರುವ ಚೌಕಟ್ಟು ಅದು. ದಪ್ಪ ಮೇಲೆ ಹೇಳಿದ ಹಾಗೇ ನೋಡಿಕೊಳ್ಳಿ. ಆದರೆ ಎಸ್‌ಎಸ್‌ಡಿಯನ್ನು ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲಿ ಕೂರಿಸಿ ಹಾರ್ಡ್ ಡಿಸ್ಕನ್ನು ಕ್ಯಾಡಿಗೆ ಹಾಕಿ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿಯ ಕನೆಕ್ಷನ್ ವೇಗ ಕಡಿಮೆ ಇರುತ್ತದೆ. ತೆಗೆದ ಡ್ರೈವ್ ಎಸೆಯಬೇಡಿ. ಅದನ್ನು ಹಾಕುವ ಯುಎಸ್‌ಬಿ ಕೇಸ್ ಸಿಗುತ್ತದೆ, ಹಾಕಿಕೊಂಡರೆ ಅದೇ ಹೊರಗಿನ ಡ್ರೈವ್ ಆಗುತ್ತದೆ.