ಆಯಸ್ಕಾಂತದ ಫ್ರಿಜ್ ಅಂಗಡಿಗೆ ಏಕೆ ಬಂದಿಲ್ಲ?

ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಏಮ್ಸ್ ಪ್ರಯೋಗಾಲಯದವರು ಆಸ್ಟ್ರೋನಾಟಿಕ್ಸ್ ಕಂಪನಿಯೊಡನೆ ಸೇರಿ 1997ರಲ್ಲೇ ಕಾಂತೀಯ ಶೀತಕಯಂತ್ರವನ್ನು ನಡೆಸಿ ತೋರಿಸಿದ್ದರೂ ಅದು ಅಂಗಡಿಗೆ ಏಕೆ ಬಂದಿಲ್ಲ ಎಂದು ತಾವು ಕೇಳಿದ್ದೀರಿ. ತತ್ತ್ವದಲ್ಲಿ ತೊಡಕಿಲ್ಲ. ಗ್ಯಾಡೋಲಿನಿಯಮ್ ಲೋಹವನ್ನು ಕಾಂತಕ್ಷೇತ್ರದೊಳಗೆ ತಳ್ಳಿದರೆ ಅದು ಬಿಸಿಯಾಗುತ್ತದೆ; ಆ ಬಿಸಿಯನ್ನು ನೀರು ಹರಿಸಿ ಹೊರಗೆ ಸಾಗಿಸಿದ ಮೇಲೆ ಲೋಹವನ್ನು ಕ್ಷೇತ್ರದಿಂದ ಈಚೆಗೆ ಎಳೆದರೆ, ಅದು ಮೊದಲಿಗಿಂತಲೂ ತಣ್ಣಗಾಗುತ್ತದೆ. (ರಬ್ಬರ್ ಬ್ಯಾಂಡನ್ನು ಥಟ್ಟನೆ ಎಳೆದು ತುಟಿಗೆ ತಾಗಿಸಿ, ತುಸು ತಡೆದು ಸಡಿಲಿಸಿ ಮತ್ತೆ ತಾಗಿಸಿ ನೋಡಿ, ಇದರ ದಾಯಾದಿಯೊಂದು ಅನುಭವಕ್ಕೆ ಬರುತ್ತದೆ.)

ತೊಡಕಿರುವುದು ಪ್ರಮಾಣದಲ್ಲಿ. ಶಾಶ್ವತ ಆಯಸ್ಕಾಂತಗಳಿಂದ ಸಿಗುವ ಸುಮಾರು ಒಂದೂವರೆ ಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಕ್ಷೇತ್ರದಲ್ಲಿ ಗ್ಯಾಡೋಲಿನಿಯಮ್ಮಿನ ಉಷ್ಣತೆ ಬದಲಾಗುವುದು ನಾಲ್ಕು ಡಿಗ್ರಿಯಷ್ಟು ಮಾತ್ರ, ಅದೂ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ. 1997ರ ಯಂತ್ರದಲ್ಲಿ 5 ಟೆಸ್ಲಾ ಕ್ಷೇತ್ರವನ್ನು ಒದಗಿಸಿದ್ದು ಅತಿವಾಹಕ ಆಯಸ್ಕಾಂತ, ಅಂದರೆ ವಿದ್ಯುತ್ತಿಗೆ ತಡೆಯೇ ಇಲ್ಲದ ತಂತಿಯ ಸುರುಳಿ. ಅದನ್ನೇ ವಿಪರೀತ ತಣ್ಣಗೆ ಇಡಬೇಕಾಗುವುದರಿಂದ ಅಡುಗೆಮನೆಗೆ ಅದು ಹೊಂದುವುದಿಲ್ಲ. ಅದೇ ವರ್ಷ ಏಮ್ಸ್‌ನ ವಿಜ್ಞಾನಿಗಳಾದ ಪೆಚಾರ್ಸ್ಕಿ ಮತ್ತು ಗ್ಷ್ನೈಡ್ನರ್ ವರದಿ ಮಾಡಿದ ಗ್ಯಾಡೋಲಿನಿಯಮ್-ಸಿಲಿಕಾನ್-ಜರ್ಮೇನಿಯಮ್ ಸಂಯುಕ್ತದಲ್ಲಿ ಪರಿಣಾಮವೇನೋ ದೊಡ್ಡದು, ಆದರೆ ಪ್ರತಿ ಆವರ್ತದಲ್ಲೂ ಹಿಸ್ಟರಿಸಿಸ್‌ನಿಂದ (ಕ್ಷೇತ್ರ ಏರುವಾಗ ಸಾಗಿದ ಹಾದಿಯಲ್ಲೇ ವಸ್ತು ಇಳಿಯುವಾಗ ಮರಳದಿರುವುದರಿಂದ) ಶಕ್ತಿ ಸೋರಿಹೋಗುತ್ತದೆ, ಜರ್ಮೇನಿಯಮ್ ದುಬಾರಿ ಕೂಡ. ನನ್ನ ಅಭಿಪ್ರಾಯದಲ್ಲಿ ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಶಾಶ್ವತ ಕಾಂತಗಳಾಗಿ ಬಳಸಬೇಕಾದ ನಿಯೋಡಿಮಿಯಮ್ ಆಯಸ್ಕಾಂತಗಳ ತೂಕ ಮತ್ತು ಬೆಲೆ, ಏಕೆಂದರೆ ಇದು ಪೈಪೋಟಿ ನಡೆಸಬೇಕಾಗಿರುವುದು ಅಗ್ಗದ, ದಶಕಗಳಿಂದ ಪಳಗಿದ, ಮಾಮೂಲಿ ಫ್ರಿಜ್ಜಿನ ಕಂಪ್ರೆಸರ್‌ನೊಂದಿಗೆ.